ಹಳ್ಳಿಹಾದಿಯ ಸೈಕಲ್: ದೇಹಕ್ಕೆ ಮದ್ದು, ಮನಸ್ಸಿಗೆ ಮುದ

ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಸೈಕಲ್ ಇದ್ದವನೇ ಅನುಕೂಲಸ್ಥ. ಶಾಲೆಯ ಮಾಸ್ತರರು, ಅಂಚೆಯವರು, ಮನೆಮನೆಗೆ ಹಾಲು ಹಾಕುವವರು, ಸಂತೆಗೆ ಕಾಯಿಪಲ್ಯ ಒಯ್ಯುವವರು ಎಲ್ಲರೂ ಸೈಕಲ್ ತುಳಿದೇ ದಿನ ಕಳೆಯುತ್ತಿದ್ದರು. ಈಗ ಅದೇ ಮನೆಗಳ ಅಂಗಳದಲ್ಲಿ ಮೋಟಾರ್ ಸೈಕಲ್ ನಿಂತಿದೆ. ಹಳೆಯ ಸೈಕಲ್ ದನದ ಕೊಟ್ಟಿಗೆಯ ಗೋಡೆಗೆ ಒರಗಿದೆ. ಮನೆಯ ಕಪಾಟಿನಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ, ಮೊಣಕಾಲಿಗೆ ಹಚ್ಚುವ ಮುಲಾಮು ಬಂದು ಸೇರಿಕೊಂಡಿವೆ. ಇವಕ್ಕೆಲ್ಲ ಸೈಕಲ್ ಬಿಟ್ಟದ್ದೊಂದೇ ಕಾರಣವಲ್ಲ. ಊಟ, ವಯಸ್ಸು, ವಂಶ, ಚಿಂತೆ ಇವೂ ಕಾರಣಗಳೇ. ಆದರೆ ಮೈ ದಣಿಯುವ ಕೆಲಸ ಕಡಿಮೆಯಾದದ್ದು ಮುಖ್ಯ ಕಾರಣಗಳಲ್ಲೊಂದು ಎಂಬುದರಲ್ಲಿ ಸಂಶಯವಿಲ್ಲ.

‘ದಿನಾಲೂ ವ್ಯಾಯಾಮ ಮಾಡಿರಿ’ ಎಂದು ವೈದ್ಯರು ಹೇಳುತ್ತಾರೆ. ಎಲ್ಲಿ ಮಾಡಬೇಕೆಂದು ಹೇಳುವವರು ಕಡಿಮೆ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ಐವತ್ತರ ಗೃಹಸ್ಥರು ಹುರುಪಿನಿಂದ ಸೈಕಲ್ ಹೊರತೆಗೆದು ಊರ ಮುಂದಿನ ದೊಡ್ಡ ರಸ್ತೆಗೆ ಇಳಿಯುತ್ತಾರೆ. ಹಿಂದಿನಿಂದ ಲಾರಿಯ ಹಾರ್ನ್, ಮುಖಕ್ಕೆ ಧೂಳು, ಪಕ್ಕದಲ್ಲಿ ಬಸ್ಸು. ಮೂರನೆಯ ದಿನಕ್ಕೆ ಸೈಕಲ್ ಮತ್ತೆ ಕೊಟ್ಟಿಗೆ ಸೇರುತ್ತದೆ. ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಇವರಲ್ಲಿ ಮನಸ್ಸಿಗೆ ಕೊರತೆಯಿಲ್ಲ. ಇವರು ಆರಿಸಿಕೊಂಡ ರಸ್ತೆ ಸರಿಯಿಲ್ಲ, ಅಷ್ಟೇ.

ಆಯುರ್ವೇದದಲ್ಲಿ ಔಷಧಿಯ ಜೊತೆಗೆ ಅನುಪಾನ ಹೇಳುತ್ತಾರೆ. ಜೇನುತುಪ್ಪದಲ್ಲೋ ಬಿಸಿನೀರಿನಲ್ಲೋ ತೆಗೆದುಕೊಂಡರೆ ಮದ್ದು ಮೈಗೆ ಹತ್ತುತ್ತದೆ. ಸೈಕಲ್ ಸವಾರಿ ಎಂಬ ಮದ್ದಿಗೆ ವಾಹನಗಳ ಕಾಟವಿಲ್ಲದ ಶಾಂತವಾದ ಹಾದಿಯೇ ಅನುಪಾನ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಜನರಿಗೆ ಇದು ಮನೆಬಾಗಿಲಲ್ಲೇ ಇದೆ.

ಫ್ರಾನ್ಸಿನ ಹಸಿರು ಹಾದಿಗಳು

ಫ್ರಾನ್ಸ್ ದೇಶದ ದಕ್ಷಿಣದ ಅಂಚಿನಲ್ಲಿ ಪಿರೆನೀಸ್ ಪರ್ವತಗಳಿವೆ. ಅವುಗಳ ತಪ್ಪಲಿನಲ್ಲಿ ಫುವಾ ಮತ್ತು ಸ್ಯಾನ್ ಜಿರೋನ್ ಎಂಬ ಊರುಗಳ ನಡುವೆ ಹಿಂದೆ ರೈಲು ಓಡುತ್ತಿತ್ತು. ರೈಲು ನಿಂತಿತು. ಆ ಸುಮಾರು 40 ಕಿಲೋಮೀಟರ್ ಹಾದಿಯನ್ನು ಈಗ ನಡೆಯುವವರಿಗೆ ಮತ್ತು ಸೈಕಲ್ ಸವಾರರಿಗೆ ಬಿಟ್ಟುಕೊಟ್ಟಿದ್ದಾರೆ. ಇಂಥವನ್ನು ಅಲ್ಲಿ ‘ಹಸಿರು ಹಾದಿ’ ಎಂದು ಕರೆಯುತ್ತಾರೆ. ಬರ್ಗಂಡಿ ಪ್ರಾಂತದಲ್ಲಿ ಇದೇ ರೀತಿ ಹಳೆಯ ರೈಲು ಹಾದಿಯ ಮೇಲೆ ಮಾಡಿದ ಹಸಿರು ಹಾದಿ 1997ರಲ್ಲಿ ತೆರೆಯಿತು. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ.

ಈ ಹಾದಿಗಳಲ್ಲಿ ಆರೋಗ್ಯದ ದೃಷ್ಟಿಯಿಂದ ಎರಡು ಗುಣಗಳಿವೆ. ಒಂದು, ಮೋಟಾರು ವಾಹನಗಳಿಲ್ಲ. ಎರಡು, ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಗುಡ್ಡದ ಸೀಮೆಯಾದರೂ ಹಾದಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಅಜ್ಜ, ಅಜ್ಜಿ, ಸಣ್ಣ ಮಕ್ಕಳು ಕೂಡ ಎದೆ ಬಡಿತ ಮಿತಿಮೀರದಂತೆ ತುಳಿಯಬಹುದು.

ನಮ್ಮಲ್ಲಿ ಇಂಥ ಪ್ರತ್ಯೇಕ ಹಾದಿಯಿಲ್ಲ. ಆದರೆ ಅದರ ಎರಡೂ ಗುಣಗಳನ್ನು ಹುಡುಕಿಕೊಳ್ಳಲು ಬರುತ್ತದೆ. 2000ದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದಂದಿನಿಂದ ಹಳ್ಳಿ ಹಳ್ಳಿಗಳ ನಡುವಿನ ಎಷ್ಟೋ ಗಾಡಿಹಾದಿಗಳು ಡಾಂಬರು ಕಂಡಿವೆ. ಬೆಳಗಿನ ಹೊತ್ತು ಇವುಗಳಲ್ಲಿ ಅನೇಕ ರಸ್ತೆಗಳ ಮೇಲೆ ಎತ್ತಿನ ಬಂಡಿ, ಒಂದೆರಡು ಬೈಕು, ಮೇಯಲು ಹೊರಟ ದನಗಳು ಬಿಟ್ಟರೆ ಹೆಚ್ಚಿನ ಗದ್ದಲವಿರುವುದಿಲ್ಲ.

ಮೈಯೊಳಗೆ ಆಗುವುದೇನು?

ನಮ್ಮ ದೇಹದ ದೊಡ್ಡ ಸ್ನಾಯುಗಳು ತೊಡೆ ಮತ್ತು ಪೃಷ್ಠಭಾಗದಲ್ಲಿವೆ. ಪೆಡಲ್ ತುಳಿಯುವಾಗ ಇವೇ ದುಡಿಯುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿಯ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಆ ಹೊತ್ತಿನಲ್ಲಿ ಇನ್ಸುಲಿನ್ ಕೂಡ ಹೆಚ್ಚು ಬೇಕಾಗುವುದಿಲ್ಲ. ಸವಾರಿ ಮುಗಿದ ಮೇಲೂ ಕೆಲವು ಗಂಟೆಗಳ ಕಾಲ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ವ್ಯಾಯಾಮ ಒಳ್ಳೆಯದೆನ್ನುವುದು ಇದಕ್ಕಾಗಿಯೇ. ಕ್ರಮೇಣ ಹೃದಯ ಬಲಗೊಳ್ಳುತ್ತದೆ. ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕುತ್ತದೆ. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ.

ಮೊಣಕಾಲು ಸವೆದವರಿಗೆ ಇನ್ನೊಂದು ಲಾಭವಿದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಮೈಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ಸೈಕಲ್ ಮೇಲೆ ಭಾರದ ಬಹುಭಾಗವನ್ನು ಸೀಟು ಹೊರುತ್ತದೆ. ಕೀಲು ಆಡುತ್ತದೆ, ಆದರೆ ಗುದ್ದಿಸಿಕೊಳ್ಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕು. ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ ತುಳಿದರೆ ಕನಿಷ್ಠ ಲೆಕ್ಕ ಮುಟ್ಟಿದಂತೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಸುಮಾರು 30 ಸಾವಿರ ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರಿಗೆ ಹೋಲಿಸಿದರೆ ಹಾಗೆ ಹೋಗದವರಲ್ಲಿ ಸಾವಿನ ಪ್ರಮಾಣ ಶೇಕಡಾ 39ರಷ್ಟು ಹೆಚ್ಚು ಕಂಡುಬಂತು. ಎಲ್ಲವೂ ಸೈಕಲ್ಲಿನ ಪುಣ್ಯವೇ ಎನ್ನಲಾಗದು. ಆರೋಗ್ಯ ಚೆನ್ನಾಗಿದ್ದವರೇ ಸೈಕಲ್ ಏರಿರಲೂಬಹುದು. ಆದರೂ ಅಂತರ ಸಣ್ಣದಲ್ಲ.

ಶಾಂತ ಹಾದಿಯೇ ಏಕೆ?

ಶ್ರಮಪಡುವಾಗ ನಾವು ಕುಳಿತಿದ್ದಾಗಿನ ಹಲವು ಪಟ್ಟು ಗಾಳಿಯನ್ನು ಒಳಗೆ ಎಳೆಯುತ್ತೇವೆ. ಗಾಳಿಯಲ್ಲಿ ಹೊಗೆ ಇದ್ದರೆ ಅದೂ ಅಷ್ಟೇ ಪಟ್ಟು ಒಳಗೆ ಹೋಗುತ್ತದೆ. ಲಾರಿಯ ಹಿಂದೆ ಸೈಕಲ್ ತುಳಿಯುವುದು ಒಂದು ಕೈಯಿಂದ ಮದ್ದು, ಇನ್ನೊಂದು ಕೈಯಿಂದ ವಿಷ ಕುಡಿದಂತೆ.

ಎರಡನೆಯದು ಸದ್ದು. ಕರ್ಕಶ ಹಾರ್ನ್ ಕೇಳಿದೊಡನೆ ದೇಹ ಅಪಾಯ ಬಂತೆಂದು ಎಚ್ಚರಗೊಳ್ಳುತ್ತದೆ. ಎದೆ ಬಡಿತ ಜೋರಾಗುತ್ತದೆ, ಒತ್ತಡ ಏರುತ್ತದೆ, ಕೈಗಳು ಹ್ಯಾಂಡಲ್ ಬಿಗಿಹಿಡಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನ ದೇಶಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ರಸ್ತೆಯ ವಾಹನಗಳ ಸದ್ದು ಸರಾಸರಿ 53 ಡೆಸಿಬಲ್ ಮೀರದಂತೆ ನೋಡಿಕೊಳ್ಳಬೇಕೆಂದಿದೆ. ಹೆದ್ದಾರಿಯ ಬದಿಗೆ ಸದ್ದು ಇದನ್ನು ಎಷ್ಟೋ ಮೀರಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಅಪಘಾತ. ಆರೋಗ್ಯಕ್ಕೆಂದು ಹೊರಟವರು ಆಸ್ಪತ್ರೆ ಸೇರಬಾರದು. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಶಿಗ್ಗಾಂವಿ, ಬಂಕಾಪುರದ ಮಗ್ಗುಲಲ್ಲೇ ಹಾದುಹೋಗುತ್ತದೆ. ಹಿಂದೆ ಅದರ ಸಂಖ್ಯೆ 4 ಇತ್ತು, ಈಗ 48. ಅದು ವ್ಯಾಯಾಮದ ಜಾಗವಲ್ಲ. ಅದನ್ನು ದಾಟಬೇಕಾದರೆ ಕೆಳಸೇತುವೆಯಲ್ಲೇ ದಾಟಿರಿ. ಸುತ್ತಾಗುತ್ತದೆಂದು ನಡುವಿನ ವಿಭಜಕದ ಸಂದಿಯಲ್ಲಿ ಸೈಕಲ್ ತೂರಿಸಬೇಡಿರಿ.

ಕಲ್ಲಿನ ಬಣ್ಣ ನೋಡಿ ಹಾದಿ ಆರಿಸಿ

ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳ ತಲೆಗೆ ಬಳಿದ ಬಣ್ಣವನ್ನು ಗಮನಿಸಿದ್ದೀರಾ? ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಸೈಕಲ್ ಸವಾರರು ಹಳದಿಯಿಂದ ದೂರವಿರಬೇಕು, ಹಸಿರನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು, ಕಿತ್ತಳೆಯನ್ನು ಹುಡುಕಬೇಕು. ಎರಡು ಊರುಗಳ ನಡುವೆ ಬಸ್ಸು ಓಡುವ ನೇರ ರಸ್ತೆ ಒಂದಿದ್ದರೆ, ಹಳ್ಳಿಗಳ ಮೇಲೆ ಹಾಯ್ದು ಹೋಗುವ ಸುತ್ತಿನ ಹಾದಿ ಸಾಮಾನ್ಯವಾಗಿ ಇನ್ನೊಂದು ಇರುತ್ತದೆ. ವ್ಯಾಯಾಮಕ್ಕೆ ಹೊರಟವರಿಗೆ ಸುತ್ತು ನಷ್ಟವಲ್ಲ, ಲಾಭ. ಮೊದಲು ಒಂದು ದಿನ ಬೈಕಿನ ಮೇಲೆ ಹೋಗಿ ಹಾದಿ ನೋಡಿಕೊಂಡು ಬರುವುದು ಜಾಣತನ. ತಗ್ಗು ಎಲ್ಲಿದೆ, ನಾಯಿಗಳ ಕಾಟ ಎಲ್ಲಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂಬುದು ತಿಳಿಯುತ್ತದೆ.

ಕಾಲುವೆಯ ಏರಿಯ ಮೇಲೂ ವಾಹನಗಳು ಕಡಿಮೆ. ಆದರೆ ಅಲ್ಲಿ ತಡೆಗೋಡೆ ಇರುವುದಿಲ್ಲ, ನೀರಿನ ಸೆಳೆತ ಜೋರು. ಅಗಲವಾದ ಗಟ್ಟಿ ರಸ್ತೆಯಿದ್ದಲ್ಲಿ ಮಾತ್ರ, ಹಗಲು ಹೊತ್ತಿನಲ್ಲಿ, ದೊಡ್ಡವರು ಮಾತ್ರ ಹೋಗಬೇಕು. ಮಕ್ಕಳನ್ನು ಕರೆದೊಯ್ಯಬಾರದು.

ನಾಲ್ಕು ಸೀಮೆ, ನಾಲ್ಕು ಬಗೆ

ಸವಣೂರು: ಹೊಸದಾಗಿ ಸುರು ಮಾಡುವವರಿಗೆ ಈ ಸೀಮೆ ಅನುಕೂಲ. ನೆಲ ಬಹುಮಟ್ಟಿಗೆ ಸಪಾಟು. ಊರಿನ ದೊಡ್ಡ ಹುಣಸೆ ಮಠದಲ್ಲಿರುವ ಆಫ್ರಿಕಾ ಮೂಲದ ಮೂರು ಭಾರಿ ಮರಗಳನ್ನು ನೋಡಿಕೊಂಡು, ಎಲೆಬಳ್ಳಿಯ ತೋಟಗಳ ಕಡೆ ತಿರುಗಿದರೆ ಮೊದಲ ವಾರದ ಸವಾರಿಗೆ ಸಾಕು. ಅಭ್ಯಾಸವಾದವರು ಹತ್ತಿಮತ್ತೂರು, ಯಲವಿಗಿ ಕಡೆಯ ಹಳ್ಳಿಗಳತ್ತ ಹೋಗಬಹುದು. ಇಲ್ಲಿ ಒಂದೇ ಎಚ್ಚರಿಕೆ: ಎರೆಮಣ್ಣು. ಮಳೆ ಬಿದ್ದ ಮೇಲೆ ಹೊಲದ ಹಾದಿಗೆ ಇಳಿದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯಬೇಡಿರಿ.

ಶಿಗ್ಗಾಂವಿ: ಕನಕದಾಸರ ಹುಟ್ಟೂರೆಂದು ಹೆಸರಾದ ಬಾಡ, ಸಂತ ಶಿಶುನಾಳ ಶರೀಫರ ಶಿಶುವಿನಹಾಳ ಎರಡೂ ಈ ತಾಲೂಕಿನವೇ. ಬಂಕಾಪುರದ ಕೋಟೆಯೊಳಗೆ 2006ರಲ್ಲಿ ಘೋಷಣೆಯಾದ ನವಿಲುಧಾಮವಿದೆ. ಹತ್ತಿರದ ಹಳ್ಳಿಗಳವರು ಬೆಳಗಿನ ತಂಪಿನಲ್ಲಿ ಕೋಟೆಯ ಕಡೆ ಬಂದರೆ ನವಿಲಿನ ಕೂಗು ಕೇಳಬಹುದು. ಹೆದ್ದಾರಿ ತಾಲೂಕನ್ನು ಸೀಳಿಕೊಂಡು ಹೋಗುವುದರಿಂದ, ಇಲ್ಲಿಯವರು ಹೆದ್ದಾರಿಯ ಒಂದೇ ಮಗ್ಗುಲಿನಲ್ಲಿ ಹೋಗಿ ಅದೇ ಮಗ್ಗುಲಿನಲ್ಲಿ ಮರಳುವ ಹಾದಿಯನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಹಾನಗಲ್: ಮಲೆನಾಡಿನ ಸೆರಗು. ಬತ್ತದ ಗದ್ದೆ, ಮಾವಿನ ತೋಪು, ಊರೂರಿಗೆ ಕೆರೆ. ಕಲ್ಯಾಣ ಚಾಲುಕ್ಯರ ಕಾಲದ ತಾರಕೇಶ್ವರ ಗುಡಿ, ಆನೆಕೆರೆ ಊರಿನಲ್ಲೇ ಇವೆ. ಅಕ್ಕಿಆಲೂರು, ತಿಳವಳ್ಳಿ, ನರೇಗಲ್ಲ ಕಡೆಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳು ಬಹಳ. ನೆಲ ಮೆಲ್ಲಗೆ ಏರಿಳಿಯುತ್ತದೆ. ಎರಡನೆಯ ತಿಂಗಳಿನಿಂದ ಈ ಏರಿಳಿತ ಹೃದಯಕ್ಕೆ ಒಳ್ಳೆಯ ಸಾಧನೆ. ಶಿರಸಿ ಕಡೆಗೆ ಹೋಗುವ ದೊಡ್ಡ ರಸ್ತೆಯನ್ನು ಮಾತ್ರ ಬಿಟ್ಟುಬಿಡಿ.

ಹಿರೇಕೆರೂರು: ಹೆಸರಿನಲ್ಲೇ ಕೆರೆ ಇದೆ. ದುರ್ಗಾದೇವಿ ಗುಡಿ ಮತ್ತು ಕೆರೆಯ ಸುತ್ತಮುತ್ತ ಬೆಳಗಿನ ಸವಾರಿ ಹಿತವಾಗಿರುತ್ತದೆ. ಗುಡ್ಡಗಳ ನಡುವೆ ಕುಮುದ್ವತಿಯ ನೀರು ನಿಲ್ಲುವ ಮದಗ-ಮಾಸೂರ ಕೆರೆಯ ಕಡೆಗೆ ಹೋಗುವುದು ಮಾತ್ರ ಪಳಗಿದವರ ಕೆಲಸ. ಏರುಗಳಲ್ಲಿ ಹಟ ಬೇಡ. ಉಸಿರು ಹತ್ತಿದರೆ ಇಳಿದು ಸೈಕಲ್ ತಳ್ಳಿರಿ. ತಳ್ಳುವುದೂ ವ್ಯಾಯಾಮವೇ.

ಕಾಲ ಮತ್ತು ಗಾಳಿ

ಬೆಳಕು ಹರಿದ ಮೇಲೆ ಹೊರಡಿರಿ, ಬಿಸಿಲೇರುವ ಮೊದಲು ಮರಳಿರಿ. ಮಾರ್ಚ್‌ನಿಂದ ಮೇವರೆಗೆ ಎಂಟು ಗಂಟೆಯೊಳಗೆ ಮನೆ ಸೇರುವುದು ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಆಗ ಮೊದಲು ಪಶ್ಚಿಮಕ್ಕೆ, ಅಂದರೆ ಗಾಳಿಗೆ ಎದುರಾಗಿ ಹೊರಡಬೇಕು. ದಣಿದು ಮರಳುವಾಗ ಗಾಳಿಯೇ ಬೆನ್ನು ನೂಕುತ್ತದೆ. ತಿರುವುಮುರುವು ಮಾಡಿದರೆ ಹೋಗುವಾಗ ಹಗುರ, ಬರುವಾಗ ಕಾಲು ಸೋತು ಸಂಕಟ.

ಸುಗ್ಗಿಯಲ್ಲಿ ಗೋವಿನಜೋಳವನ್ನೂ ಇತರ ರಾಶಿಯನ್ನೂ ರಸ್ತೆಯ ಮೇಲೆ ಹರವಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗಾಲಿ ಜಾರುತ್ತದೆ. ಅಲ್ಲಿ ಇಳಿದು ನಡೆಯುವುದೇ ಸರಿ. ಕಬ್ಬಿನ ಹಂಗಾಮಿನಲ್ಲಿ ಹಳ್ಳಿ ರಸ್ತೆಗೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಬರುತ್ತವೆ. ಅವು ಬಂದಾಗ ರಸ್ತೆ ಬಿಟ್ಟು ನಿಲ್ಲಬೇಕು. ಬಿಳಿ ಅಥವಾ ತಿಳಿಬಣ್ಣದ ಅಂಗಿ, ತಲೆಗೆ ಹೆಲ್ಮೆಟ್, ಹಿಂದೆ ಹೊಳೆಯುವ ಕೆಂಪು ಬಿಲ್ಲೆ ಇವು ಶೋಕಿಯಲ್ಲ, ರಕ್ಷಣೆ.

ಕೊಟ್ಟಿಗೆಯ ಸೈಕಲ್ಲೇ ಸಾಕು

ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಟ್ಟಿತು. ಆ ಸೈಕಲ್‌ಗಳು ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಸೈಕಲ್ ಅಂಗಡಿಗೆ ಒಯ್ದು ಟೈರು, ಟ್ಯೂಬು, ಬ್ರೇಕಿನ ರಬ್ಬರು ಬದಲಿಸಿ, ಚೈನಿಗೆ ಎಣ್ಣೆ ಹಾಕಿಸಿದರೆ ಅವೇ ಸಾಕು. ಗೇರಿನ ದುಬಾರಿ ಸೈಕಲ್ ಇಲ್ಲದೆಯೂ ಆರೋಗ್ಯ ಬರುತ್ತದೆ.

ಆದರೆ ಸೀಟಿನ ಎತ್ತರ ಸರಿಯಿರಲೇಬೇಕು. ಮಗ ತುಳಿದ ಸೈಕಲ್ಲನ್ನು ಅಪ್ಪ ಹಾಗೆಯೇ ತುಳಿದರೆ ಮೊಣಕಾಲು ಮಡಚಿಕೊಂಡೇ ಇರುತ್ತದೆ, ನೋವು ಹೆಚ್ಚುತ್ತದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ಬಹುಮಟ್ಟಿಗೆ ನೇರವಾಗಿ, ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಅಂಗಾಲಿನ ನಡುವಿನಿಂದಲ್ಲ, ಬೆರಳುಗಳ ಹಿಂದಿನ ಅಗಲ ಭಾಗದಿಂದ ತುಳಿಯಬೇಕು.

ಮೊದಲ ವಾರ ದಿನಕ್ಕೆ 10-15 ನಿಮಿಷ ಸಾಕು. ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ, ಒಂದು ತಿಂಗಳಿಗೆ ಅರ್ಧ ತಾಸಿಗೆ ಬನ್ನಿರಿ. ಅರ್ಧ ತಾಸಿನಲ್ಲಿ ಆರೇಳು ಕಿಲೋಮೀಟರ್ ಆದರೆ ವೇಗ ಸರಿಯಾಗಿದೆ. ಪಕ್ಕದವರ ಜೊತೆ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಇದೇ ಸರಿಯಾದ ಶ್ರಮದ ಅಳತೆ.

ಯಾರು ಎಚ್ಚರ ವಹಿಸಬೇಕು?

ಹೃದಯಾಘಾತವಾದವರು, ಏರು ಹತ್ತುವಾಗ ಎದೆ ಹಿಡಿದಂತಾಗುವವರು, ತಲೆಸುತ್ತು ಅಥವಾ ಮೂರ್ಛೆ ಬರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಸೈಕಲ್ ಏರಬಾರದು. ರಕ್ತದೊತ್ತಡ 180/110 ಮೀರಿದ್ದರೆ ಮೊದಲು ಔಷಧಿಯಿಂದ ಅದನ್ನು ಇಳಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆಯಲ್ಲಿ ರಕ್ತಸ್ರಾವ ಆದವರಿಗೂ ಇದೇ ಮಾತು. ಪಾದ ಜೋಮು ಹಿಡಿದವರು ಬರಿಗಾಲಲ್ಲಿ ತುಳಿಯದೆ ಬೂಟು ಹಾಕಿಕೊಂಡು, ಮನೆಗೆ ಬಂದು ಪಾದ ಪರೀಕ್ಷಿಸಿಕೊಳ್ಳಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆ ತೆಗೆದುಕೊಳ್ಳುವವರಿಗೆ ಸವಾರಿಯ ನಡುವೆ ಸಕ್ಕರೆ ತೀರ ಇಳಿಯಬಹುದು. ಮೈ ಬೆವೆತು, ಕೈ ನಡುಗಿ, ಕಣ್ಣು ಮಂಜಾದರೆ ಕೂಡಲೇ ನಿಂತು ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲುಕೋಸ್ ಪುಡಿಯನ್ನೋ ಸೇವಿಸಬೇಕು. ಇದರ ಪೊಟ್ಟಣ ಜೇಬಿನಲ್ಲಿ ಸದಾ ಇರಲಿ. ಹೊರಡುವ ಮೊದಲು ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕು. ಇಂಥವರು ಒಬ್ಬರೇ ಹೋಗುವುದು ಬೇಡ.

ಸವಾರಿಯಲ್ಲಿ ಎದೆ ನೋವು, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ಅತಿಯಾದ ಏದುಸಿರು ಕಂಡರೆ ‘ಗ್ಯಾಸ್ ಆಗಿರಬೇಕು’ ಎಂದು ತಳ್ಳಿಹಾಕಬೇಡಿರಿ. ಅಲ್ಲೇ ಕುಳಿತು 108ಕ್ಕೆ ಫೋನ್ ಮಾಡಿರಿ.

ಕೆಲವು ಸಂಶಯಗಳು

‘ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಇದು ಬೇಕೆ?’ ಅಷ್ಟಾಗಿ ಬೇಕಿಲ್ಲ. ಇದು ಮುಖ್ಯವಾಗಿ ಅಂಗಡಿ, ಕಚೇರಿ, ಶಾಲೆಗಳಲ್ಲಿ ಕುಳಿತು ಕೆಲಸ ಮಾಡುವವರಿಗೆ. ಆದರೆ ಹೊಲಕ್ಕೂ ಈಗ ಬೈಕಿನ ಮೇಲೆ ಹೋಗಿ, ಟ್ರ್ಯಾಕ್ಟರಿನವರಿಗೆ ಕೆಲಸ ಹೇಳಿ ಬರುವವರಾದರೆ ನಿಮಗೂ ಬೇಕು.

‘ಸೈಕಲ್ ತುಳಿದರೆ ಎಷ್ಟು ಬೇಕಾದರೂ ತಿನ್ನಬಹುದೆ?’ ಇಲ್ಲ. ಅರ್ಧ ತಾಸಿನ ಸವಾರಿಯಿಂದ ಖರ್ಚಾಗುವುದು ಸುಮಾರು 150 ಕ್ಯಾಲೊರಿ. ಮರಳುವಾಗ ಮಿರ್ಚಿ ಭಜಿ ತಿಂದು, ಸವಣೂರ ಖಾರಾದ ಪೊಟ್ಟಣ ಬಿಚ್ಚಿದರೆ ಅದೆಲ್ಲ ತಿರುಗಿ ಬಂದಂತೆ. ನೀರು, ಮಜ್ಜಿಗೆ ಸಾಕು. ಹಸಿವಾದರೆ ಒಂದು ಮುಷ್ಟಿ ಹುರಿದ ಶೇಂಗಾ. ರಕ್ತದೊತ್ತಡದವರು ಮಜ್ಜಿಗೆಗೆ ಉಪ್ಪು ಹಾಕಬೇಡಿರಿ.

‘ಹೆಣ್ಣುಮಕ್ಕಳು ತುಳಿದರೆ ಜನ ನಗುವುದಿಲ್ಲವೆ?’ ಇದೇ ಹೆಣ್ಣುಮಕ್ಕಳು ಸರ್ಕಾರದ ಸೈಕಲ್ ಮೇಲೆ ಊರಿಂದ ಊರಿಗೆ ಶಾಲೆಗೆ ಹೋದವರು. ಮದುವೆಯಾದೊಡನೆ ಸೈಕಲ್ ಬಿಟ್ಟರು. ಮೂವತ್ತೈದಕ್ಕೆ ಮೈಭಾರ, ನಲವತ್ತಕ್ಕೆ ಮೊಣಕಾಲು ನೋವು ಬಂತು. ನಕ್ಕವರು ಔಷಧಿಯ ಖರ್ಚು ಕೊಡಲು ಬರುವುದಿಲ್ಲ. ಚೈನಿಗೆ ಕವಚವಿರುವ ಲೇಡೀಸ್ ಸೈಕಲ್ ಇರಲಿ, ಸೆರಗು ಬಿಗಿಯಾಗಿ ಸಿಕ್ಕಿಸಿರಿ ಅಥವಾ ಚೂಡಿದಾರ ಧರಿಸಿರಿ. ಮೊದಲು ಮನೆಯವರ ಜೊತೆಗೆ, ಆಮೇಲೆ ನೆರೆಯ ಗೆಳತಿಯರ ಜೊತೆಗೆ ಹೊರಟರೆ ಸಂಕೋಚ ತಾನೇ ಕಳೆಯುತ್ತದೆ.

ಬರುವ ರವಿವಾರ ಸೈಕಲ್ಲಿಗೆ ಹವಾ ಹೊಡೆಯಿರಿ. ನಿಮ್ಮ ಊರಿನಿಂದ ಹೊರಡುವ ರಸ್ತೆಗಳಲ್ಲಿ ಯಾವುದು ಶಾಂತವಾಗಿದೆ ಎಂದು ಮನೆಯವರೆಲ್ಲ ಕೂಡಿ ಆಲೋಚಿಸಿರಿ. ಗುಳಿಗೆಯನ್ನು ವೈದ್ಯರು ಹೇಳದೆ ಬಿಡಬೇಡಿರಿ. ಆದರೆ ಆರು ತಿಂಗಳು ನೇಮದಿಂದ ತುಳಿದು, ಊಟದಲ್ಲಿ ಹಿತಮಿತ ಪಾಲಿಸಿ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ಅವರ ಮುಂದೆ ಹೋಗಿರಿ. ಗುಳಿಗೆ ಕಡಿಮೆ ಮಾಡುವ ಮಾತನ್ನು ಅವರೇ ಎತ್ತುವ ಸಂಭವ ಉಂಟು.